ಬೆಟ್ಟದ ಗಾಳಿ

ಎಲ್ಲಕ್ಕೂ ಮೂಲ, ಬಾಡಿನ ತಪ್ಪಲೆಯ ಮುಚ್ಚಳದ ಮೇಲೆ ಮಲಗಿದ್ದ ಒಂದು ಕುಡುಗೋಲು.

ಹಲಗೂರಿನ ಆಚೆಯ ಬೆಟ್ಟದಮ್ಮನಿಗೆ ಹರಕೆ ತೀರಿಸಲು ಶಶಿಧರ್ ಹೆಂಡತಿಯ ಮನೆಯವರೊಂದಿಗೆ ಹೊರಟಿದ್ದ. ಮದುವೆಯಾಗಿ ಮೂರು ತಿಂಗಳು. ಬಂಡೂರು ಕುರಿಯ ಸಾರು ಹೊತ್ತು ಬೆಟ್ಟ ಹತ್ತುವಾಗ ಅದರ ವಾಸನೆಗೆ ದೆವ್ವ ಬೆನ್ನು ಬೀಳದಿರಲೆಂದು ಅತ್ತೆ ಮರಿತಾಯಮ್ಮ ಕಬ್ಬಿಣ ಇಟ್ಟಿದ್ದರು. ಅಳಿಯ ತಕರಾರು ತೆಗೆಯಲಿಲ್ಲ. ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಒಳಗೊಳಗೇ ಯೋಚಿಸಿ ಸುಮ್ಮನಾಗುವ ಜಾತಿ. ಇಷ್ಟು ಸುಮ್ಮನಿರುವ ಗಂಡಸನ್ನು ಮಾವನ ಮನೆಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

ನೆತ್ತಿಯ ಮೇಲೆ ಗುಡಿಯಿರಲಿಲ್ಲ. ಬೋಳು ಬಂಡೆ, ಅದರ ಮೇಲೊಂದು ಕಲ್ಲು, ಪಕ್ಕದಲ್ಲಿ ಒಂದೇ ಒಂದು ಮರ. ಪೂಜೆ ಮುಗಿಯುವಷ್ಟರಲ್ಲಿ ಪಡುವಣದ ಆಕಾಶ ಸೀದ ಪಾತ್ರೆಯ ತಳದಂತಾಗಿತ್ತು. ಭರಣಿ ಮಳೆ. ಮೊದಲ ಗುಡುಗಿಗೆ ಮಾವ ನಿಂಗಯ್ಯ ಎಲ್ಲರನ್ನೂ ಮರದ ಬುಡಕ್ಕೆ ಕರೆದರು. ಮರಿತಾಯಮ್ಮ ಕುಡುಗೋಲು ಸಮೇತ ತಪ್ಪಲೆಯನ್ನು ಬಂಡೆಯ ಮೇಲಿಟ್ಟು ಓಡಿದರು. ಶಶಿಧರನ ಹೆಂಡತಿ ರಂಜಿತ ಮರಕ್ಕೆ ಬೆನ್ನು ಕೊಟ್ಟು ನಿಂತಳು.

ಹೋದ ತಿಂಗಳು ಮಂಡ್ಯದಲ್ಲಿ ನಡೆದ ತರಬೇತಿಯಲ್ಲಿ ಶಶಿಧರ್ ಅರ್ಧ ದಿನ ಕೂತು ಕೇಳಿದ್ದ. ಸಿಡಿಲಿನ ಹೊತ್ತಿನಲ್ಲಿ ಬೆಟ್ಟದ ನೆತ್ತಿಯಲ್ಲಿರಬಾರದು, ಒಂಟಿ ಮರದ ಕೆಳಗೆ ಗುಂಪು ಸೇರಬಾರದು, ಲೋಹದ ಹತ್ತಿರ ಇರಬಾರದು. ಮಾಡಬಾರದ್ದೆಲ್ಲ ಈಗ ಅವನ ಕಣ್ಣೆದುರು ನಡೆಯುತ್ತಿತ್ತು.

"ಮಾವ, ಅಲ್ಲಿ ನಿಂತ್ಕಬ್ಯಾಡಿ. ದೊಡ್ ಗಾಳಿ ಬತ್ತಾ ಅದೆ. ಆ ಕುಡ್ಲು ಅತ್ಲಾಗ್ ಬಿಸಾಕಿ" ಎಂದ.

ಗಾಳಿ ಎಂಬುದಕ್ಕೆ ಆ ಕಡೆ ಎರಡು ಅರ್ಥ. ಒಂದು ಬೀಸುತ್ತದೆ, ಇನ್ನೊಂದು ಮೈಮೇಲೆ ಬರುತ್ತದೆ. ಅವನು ಹೇಳಿದ್ದು ಮೊದಲನೆಯದು. ಮರಿತಾಯಮ್ಮನಿಗೆ ಕೇಳಿಸಿದ್ದು ಎರಡನೆಯದು.

"ಕಬ್ಬುಣ ಕಂಡ್ರೆ ಎದ್ರೋದು ಯಾವ್ದೇಳಿ?" ಎಂದು ಗಂಡನನ್ನು ಕೇಳಿದರು. ನಿಂಗಯ್ಯ ಹೋಗಿ ಕುಡುಗೋಲು ಕೈಗೆತ್ತಿಕೊಂಡರು.

ಅಷ್ಟರಲ್ಲಿ ಶಶಿಧರನ ತೋಳಿನ ರೋಮ ನೆಟ್ಟಗಾಯಿತು. ತಲೆಗೂದಲೂ ಎದ್ದಿತು. ಸಿಡಿಲು ಹತ್ತಿರವೇ ಇಳಿಯಲಿದೆ ಎಂಬುದಕ್ಕೆ ಅದು ಗುರುತು. ಅವನು ತರಬೇತಿಯಲ್ಲಿ ಹೇಳಿಕೊಟ್ಟಿದ್ದಂತೆಯೇ ಹಿಮ್ಮಡಿ ಜೋಡಿಸಿ, ಮೊಟ್ಟೆಯಿಡಲು ಕೂತ ಕೋಳಿಯಂತೆ ಕುಕ್ಕರಿಸಿ, ಕಿವಿ ಮುಚ್ಚಿಕೊಂಡು, ಎಲ್ಲರೂ ಹೀಗೇ ದೂರ ದೂರ ಕೂರಬೇಕೆಂದು ಕೂಗಿದ. ಮರಿತಾಯಮ್ಮನಿಗೆ ಉಳಿದಿದ್ದ ಅನುಮಾನವೂ ಹೋಯಿತು. ಹತ್ತಿರ ಸುಳಿಯಬೇಡವೆಂದು ಮಗಳನ್ನು ಮರಕ್ಕೇ ಒತ್ತಿ ಹಿಡಿದರು.

ನಿಂಗಯ್ಯ ಕುಡುಗೋಲನ್ನು ಮುಗಿಲಿಗೆ ಎತ್ತಿ ಬಂದರು. "ಬುಟ್ಟೋಗು. ಯಾವೂರವ್ನಲಾ ನೀನು?"

ಶಶಿಧರ್ ಆ ಕಬ್ಬಿಣವನ್ನು ನೋಡಿದ. ಅದರಾಚೆ ಮರಕ್ಕೊರಗಿದ್ದ ರಂಜಿತಳನ್ನು ನೋಡಿದ. ಅವಳು ಅಲ್ಲಿಂದ ಕದಲದಿದ್ದರೆ ಉಳಿಯುವುದಿಲ್ಲ. ಮನುಷ್ಯನಾಗಿ ಹೇಳಬಹುದಾದದ್ದನ್ನೆಲ್ಲ ಹೇಳಿಯಾಗಿತ್ತು.

ಧಡಕ್ಕನೆ ಎದ್ದು ತಪ್ಪಲೆಯನ್ನು ಬಾಚಿ ತಬ್ಬಿಕೊಂಡ.

"ಊಂ ಕಣ್ಲಾ, ನಾನೇ ಬಂದಿವ್ನಿ. ಈ ಬಾಡೂ ನಂದೇ, ನಿನ್ ಅಳಿಯನೂ ನನ್ನೋನೇ."

ಹಾಗೆಂದವನೇ ಇಳಿಜಾರಿಗೆ ಓಡಿದ. ಬಿಸಿ ಸಾರು ತುಳುಕಿ ಎದೆ ಸುಟ್ಟಿತು. ಹಿಂದೆ ಮೂವರೂ, ಅಳಿಯನಿಗಾಗಿಯೋ ಬಾಡಿಗಾಗಿಯೋ, ಕೂಗುತ್ತ ಬಂದರು. ಜಾರುವ ಬಂಡೆ ಹಿಡಿಯಲು ಎರಡೂ ಕೈ ಬೇಕಾಗಿ ನಿಂಗಯ್ಯ ಕುಡುಗೋಲನ್ನು ಮೇಲೆಯೇ ಎಸೆದಿದ್ದರು.

ನೂರು ಮಾರು ಇಳಿದು ತಗ್ಗು ಸೇರುವಷ್ಟರಲ್ಲಿ ಬೆಟ್ಟ ಬೆಳ್ಳಗಾಯಿತು. ಸದ್ದು ಆಮೇಲೆ ಬಂತು. ತಿರುಗಿ ನೋಡಿದರೆ ಮರ ಎರಡು ಸೀಳಾಗಿತ್ತು. ರಂಜಿತ ಒರಗಿದ್ದ ಕಡೆಯಿಂದ ಹೊಗೆ ಏಳುತ್ತಿತ್ತು.

ಮಳೆಯೊಂದೇ ಸುರಿಯಿತು.

ಕೊನೆಗೆ ನಿಂಗಯ್ಯ ಬೆಟ್ಟಕ್ಕೆ ಕೈಮುಗಿದು, ಗಾಳಿ ಅಳಿಯನನ್ನು ಬಿಟ್ಟು ಮರಕ್ಕೆ ಹತ್ತಿಕೊಂಡಿತೆಂದೂ ಅಮ್ಮ ಅದನ್ನು ಅಲ್ಲೇ ಸುಟ್ಟಳೆಂದೂ ತೀರ್ಪು ಕೊಟ್ಟರು. ಮರಿತಾಯಮ್ಮ ಸೆರಗಿನಿಂದ ಅಳಿಯನ ಮುಖ ಒರೆಸಿ, ಈಗ ಹೇಗಿದೆ ಎಂದು ಮೆತ್ತಗೆ ವಿಚಾರಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಂಡತಿಗಾದರೂ ನಿಜ ಗೊತ್ತಿರಲಿ ಎಂದು ಅವನಿಗೆ ಅನ್ನಿಸಿತು.

ಇಳಿಯುವ ದಾರಿಯಲ್ಲಿ ರಂಜಿತಳ ಕೈ ಹಿಡಿದು ಪಿಸುಗುಟ್ಟಿದ. "ನಂಗೇನೂ ಮೆಟ್ಕಂಡಿರ್ನಿಲ್ಲ ಕಣೆ. ನಿನ್ನ ಉಳಿಸ್ಕಳಕ್ಕೆ ಬೇಕೂಂತ್ಲೇ ಅಂಗಾಡ್ದೆ."

ಅವಳು ನಿಂತು ಅವನ ಕಣ್ಣುಗಳನ್ನು ಒಂದೊಂದಾಗಿ ನೋಡಿದಳು. ಮೆಲ್ಲನೆ ಕೈ ಬಿಡಿಸಿಕೊಂಡು ತಾಯಿಯ ಮಗ್ಗುಲಿಗೆ ಸರಿದಳು.

"ಅವ್ವ," ಎಂದಳು ತಗ್ಗಿದ ದನಿಯಲ್ಲಿ, "ಇನ್ನೂ ಓಗಿಲ್ಲ ಕಣವ್ವ."