ಚಾದರ ವಿಭಾಗದಲ್ಲಿ ನನ್ನ ಜನನ

ದೊಡ್ಡವ್ವನ ಜೊತೆ ಪೇಟೆಗೆ ಹೋಗುತ್ತೀಯೋ, ಹಿಂಡಲಗಾ ಜೈಲಿಗೆ ಹೋಗುತ್ತೀಯೋ ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಜೈಲನ್ನೇ ಆರಿಸಿಕೊಳ್ಳುತ್ತೇನೆ. ಅಲ್ಲಿ ಪರಿಚಯದವರು ಸಿಗುವ ಭಯ ಕಡಿಮೆ. ಸಿಕ್ಕರೂ ಅವರೂ ತಲೆ ತಗ್ಗಿಸಿಕೊಂಡೇ ಇರುತ್ತಾರೆ!

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಇರುವುದು ಖಾನಾಪುರದಲ್ಲಿ. ಆಗಾಗ ಬಸ್ಸು ಹತ್ತಿ ಮಹಾಂತೇಶ ನಗರದ ನಮ್ಮ ಮನೆಗೆ ಬರುತ್ತಾಳೆ. ಚಹಾದ ಕಪ್ಪು ಕೆಳಗಿಡುವ ಮೊದಲೇ, "ನಡಿ ತಮ್ಮಾ, ದವಾಖಾನಿಗೆ ಹೋಗಿ ಬರೂಣು" ಎನ್ನುತ್ತಾಳೆ. ರೋಗವೇನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದಾಳೆ. ಅವಳು ದವಾಖಾನೆ ಎನ್ನುವುದು ಕ್ಯಾಂಪ್ ಬಡಾವಣೆಗೆ ಹೋಗುವ ದಾರಿಯ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿಗೆ.

ತಪ್ಪು ಪೂರ್ತಿ ಅವಳದೂ ಅಲ್ಲ. ಆ ಕಟ್ಟಡ ಒಂದು ಕಾಲಕ್ಕೆ ಹೆರಿಗೆ ಆಸ್ಪತ್ರೆಯಾಗಿತ್ತು. ಡಾಕ್ಟರು ತೀರಿಕೊಂಡ ಮೇಲೆ ಟ್ಯೂಷನ್ ಕ್ಲಾಸಾಯಿತು, ಆಮೇಲೆ ಸೋಫಾ ಅಂಗಡಿಯಾಯಿತು, ನಡುವೆ ಕೆಲವು ವರ್ಷ ಪಾರಿವಾಳಗಳ ಸಂಸಾರಕ್ಕೆ ಬಿಟ್ಟಿತ್ತು. ಈಗ ಮೈತುಂಬ ಗಾಜು ಹಾಕಿಕೊಂಡು, ಒಳಗೆ ಕಾಲಿಟ್ಟವರ ಮೇಲೆಲ್ಲ ತಂಪು ಗಾಳಿ ಬಿಡುತ್ತಿದೆ. ಊರಿನವರು ಪ್ರತಿ ಸಲವೂ ಹೊಸ ಹೆಸರು ಕಲಿತರು. ದೊಡ್ಡವ್ವ ಮಾತ್ರ ಕಲಿಯಲಿಲ್ಲ.

ಮೊದಲ ಮರ್ಯಾದೆ ಬಾಗಿಲಲ್ಲೇ ಹೋಗುತ್ತದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗುವವಳು. ವಾಚ್‌ಮನ್ ಓಡಿ ಬಂದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಬೇಡಿಕೊಳ್ಳುತ್ತಾನೆ.

"ಆಜಿ, ಚಪ್ಪಲ್ ಹಾಕ್ಕೊಂಡ ಬರ್ರಿ. ಇಲ್ಲೆ ನಡೀತೈತಿ."

"ನಿನಗ ನಡೀತೈತಿ. ಬಾಣಂತ್ಯಾರು ಇದ್ದಲ್ಲೆ ಚಪ್ಪಲ್ ಹಾಕ್ಕೊಂಡ ಹೊಕ್ಕಾರೇನೋ?"

ಅವನು ನನ್ನ ಮುಖ ನೋಡುತ್ತಾನೆ. ನಾನು ಈ ಮುದುಕಿಯನ್ನು ಎಲ್ಲೋ ಕಂಡ ಹಾಗಿದೆ ಎಂಬಂತೆ ಛಾವಣಿ ನೋಡುತ್ತೇನೆ.

ಎರಡನೆಯದು ಹೋಗುವುದು ಚಾದರ, ಹೊದಿಕೆ ಮಾರುವ ಮಹಡಿಯಲ್ಲಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. "ನಮಸ್ಕಾರ ಸರ್" ಎಂದದ್ದೇ ತಡ, ದೊಡ್ಡವ್ವ ಅವಳ ಕೈ ಹಿಡಿದು ಚಾದರಗಳ ರಾಶಿಯ ಮುಂದೆ ನಿಲ್ಲಿಸಿದಳು.

"ಇಂವಾ ಹುಟ್ಟಿದ್ದು ಇಲ್ಲೇ ನೋಡವಾ. ಕಾಲು ಮ್ಯಾಲ ಮಾಡಿ ಏನ ಒದರತಿದ್ದ ಅಂತಿ! ತಲಿತುಂಬ ಕೂದಲಾ."

ಹುಡುಗಿ ಪಾಪ, ನನ್ನ ಬೋಳು ತಲೆಯನ್ನು ನೋಡಬಾರದೆಂದು ಬಹಳ ಪ್ರಯತ್ನಪಟ್ಟಳು. ರಾಶಿಯ ಮೇಲೆ 'ಒಂದು ಕೊಂಡರೆ ಒಂದು ಉಚಿತ' ಎಂಬ ಫಲಕ ತೂಗುತ್ತಿತ್ತು. ಸುದ್ದಿ ಹೇಗೆ ಹಬ್ಬಿತೋ, ಮರುದಿನ ನಾನು ತರಗತಿಗೆ ಹೋದಾಗ ಕಪ್ಪು ಹಲಗೆಯ ಮೇಲೆ ಅದೇ ಫಲಕದ ಮಾತು ಮುದ್ದಾಗಿ ಬರೆದಿತ್ತು. ನಾನು ಅದನ್ನು ಒರೆಸಿ, ಬೇಡಿಕೆ ಮತ್ತು ಪೂರೈಕೆಯ ಪಾಠ ಶುರುಮಾಡಿದೆ.

ಇನ್ನು ಪಾತ್ರೆಯ ವಿಭಾಗ. ಅಲ್ಲಿ ಟೈ ಕಟ್ಟಿದವನೊಬ್ಬ ಮಿಕ್ಸರ್ ತಿರುಗಿಸಿ ತೋರಿಸುತ್ತಾನೆ. ದೊಡ್ಡವ್ವ ಅವನ ಮುಂದೆ ನಿಂತು ತುಟಿಗೆ ಬೆರಳಿಟ್ಟಳು. "ಬಂದ್ ಮಾಡಪಾ. ಕೂಸು ಮಲಗೇತಿ." ಗಿರಾಕಿಗಳೆಲ್ಲ ಕೂಸನ್ನು ಹುಡುಕತೊಡಗಿದರು. ನಾನು ಕುಕ್ಕರುಗಳ ಹಿಂದೆ ಅಡಗಿದೆ.

ಇದನ್ನೆಲ್ಲ ಮನೆಯಲ್ಲಿ ನಾನು ಅಭಿನಯಿಸಿ ತೋರಿಸುವುದುಂಟು. ಹೆಂಡತಿ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವ್ವ ಮಾತ್ರ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಾಳೆ. ಅಕ್ಕನ ಮೇಲಿನ ಅಭಿಮಾನ ಇರಬೇಕು ಎಂದುಕೊಂಡಿದ್ದೆ.

ಮೊನ್ನೆ ಮತ್ತೆ ಹೋದೆವು, ಯಾರದೋ ಮದುವೆಗೆ ಕುಕ್ಕರ್ ಕೊಡಬೇಕೆಂದು. ಕುಕ್ಕರುಗಳ ಕಪಾಟಿನ ಮುಂದೆ ದೊಡ್ಡವ್ವ ಸುಮ್ಮನೆ ನಿಂತುಬಿಟ್ಟಳು. ಬೆಲೆ ಕೇಳಲಿಲ್ಲ, ಮುಚ್ಚಳ ತೆಗೆದು ನೋಡಲಿಲ್ಲ. ಕಪಾಟಿನ ಅಂಚಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಸಿಕ್ಕಿಬಿದ್ದಳು ಎಂದು ನನಗೆ ಖುಷಿಯೋ ಖುಷಿ.

"ಯಾಕ ಬೇ ದೊಡ್ಡವ್ವಾ, ಈಗ ಇಲ್ಲೂ ಹುಟ್ಟಿದ್ನೇನು ನಾ? ಹ್ವಾದ ಸಲ ಚಾದರದಾಗ ಹುಟ್ಟಿದ್ದೆ."

"ನೀ ಅಲ್ಲೇ ಹುಟ್ಟಿದ್ದು," ಎಂದಳು. "ಇಲ್ಲೆ ನನ್ನ ಕಾಟ್ ಇತ್ತು."

ನನಗೆ ಅರ್ಥವಾಗಲಿಲ್ಲ.

"ನಿಮ್ಮವ್ವ ಹೇಳಿಲ್ಲೇನು? ಇಬ್ರೂ ಕೂಡೇ ಬಂದಿದ್ವಿ ಹಡಿಯಾಕ. ನನಗ ಮುಂಜಾನೆ ಹೆಣ್ಣ ಹುಟ್ತು. ನೀ ಹುಟ್ಟೂದರಾಗ ಆ ಕೂಸು ಹೋತು. ನೀ ಅಲ್ಲೆ ಅಳಾಕತ್ತಿದ್ದಿ, ನಾ ಇಲ್ಲೆ ಮಲಗಿ ಕೇಳಾಕತ್ತಿದ್ದೆ."

ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮೊದಲು ಒಂದು ಆಗಿತ್ತು ಎಂಬುದು ಗೊತ್ತಿರಲಿಲ್ಲ.

"ಮತ್ತ ಎಲ್ಲಾರಿಗೂ ನಾ ಹುಟ್ಟಿದ್ದಷ್ಟ ಯಾಕ ಹೇಳ್ತಿ?"

"ಮತ್ತೇನ ಹೇಳ್ಲೋ ಮಂದಿಗೆ? ಹೇಳಾಕ ಬರೂದು ಅದೊಂದ ಐತಿ."

ನಾಚಿಕೆಯಲ್ಲಿ ನಾನು ಪಳಗಿದವನು ಎಂದುಕೊಂಡಿದ್ದೆ. ಬಾಗಿಲಲ್ಲಿ, ಚಾದರದ ಮುಂದೆ, ತರಗತಿಯಲ್ಲಿ ಪಟ್ಟದ್ದೆಲ್ಲ ನಾಚಿಕೆಯೇ ಅಲ್ಲ ಎಂದು ಆ ಕಪಾಟಿನ ಮುಂದೆ ತಿಳಿಯಿತು. ಕುಕ್ಕರುಗಳ ಮೇಲೆಲ್ಲ ನನ್ನದೇ ಬೋಳು ತಲೆ ಹೊಳೆಯುತ್ತಿತ್ತು, ಅದನ್ನು ನೋಡಲಾಗಲಿಲ್ಲ.

ಅಷ್ಟರಲ್ಲಿ ಟೈ ಕಟ್ಟಿದವನು ಮಿಕ್ಸರ್ ಹಚ್ಚಿದ. ನಾನು ನಾಲ್ಕು ಹೆಜ್ಜೆ ಹೋಗಿ, ಸುತ್ತ ನೆರೆದ ಜನರ ಮುಂದೆಯೇ ಗಟ್ಟಿಯಾಗಿ ಹೇಳಿದೆ: "ಸ್ವಲ್ಪ ಬಂದ್ ಮಾಡ್ರಿ. ಇಲ್ಲೆ ಕೂಸು ಮಲಗೇತಿ."

ಅವನು ಗಾಬರಿಯಾಗಿ ನಿಲ್ಲಿಸಿದ. ದೊಡ್ಡವ್ವ ಹಿಂದಿನಿಂದ ಬರಿಗಾಲಲ್ಲಿ ಬಂದು ನನ್ನ ತೋಳು ಹಿಡಿದಳು.

"ಅಷ್ಟ ಜೋರ ಒದರಬ್ಯಾಡೋ," ಎಂದಳು, "ಎದ್ದೀತು."