ಚಿಕ್ಕಮ್ಮನ ಮನೆಯಲ್ಲಿ ಅಡುಗೆ ಹೊಗಳಬಾರದು

ನನ್ನ ಚಿಕ್ಕಮ್ಮನ ಮನೆಯ ಮುಂದೆ ಪುರಸಭೆಯ ಕಸದ ಗಾಡಿ ನಿಲ್ಲುವುದಿಲ್ಲ. ಶಿಕಾರಿಪುರದ ಆ ಬೀದಿಯುದ್ದಕ್ಕೂ ಹಾಡು ಹಾಕಿಕೊಂಡು, ಮನೆಮನೆಗೂ ನಿಂತು ಬರುವ ಗಾಡಿ ಅವಳ ಬಾಗಿಲ ಹತ್ತಿರ ಬಂದಾಗ ಗೇರು ಕೂಡ ಬದಲಿಸದೆ ಮುಂದೆ ಹೋಗಿಬಿಡುತ್ತದೆ. ಡ್ರೈವರನ ತಪ್ಪು ಎನ್ನಬೇಡಿ! ಆ ಮನೆಯಿಂದ ಅವನಿಗೆ ಇಷ್ಟು ಕಾಲದಲ್ಲಿ ಸಿಕ್ಕಿದ್ದು ಸವೆದುಹೋದ ಒಂದು ಪೊರಕೆ ಮಾತ್ರವಂತೆ. ಬೀದಿಯ ಹಸು ಕೂಡ ಅಲ್ಲಿಗೆ ಬಂದಾಗ ರಸ್ತೆ ದಾಟಿ ಆಚೆ ಬದಿ ಹಿಡಿಯುತ್ತದೆ. ತರಕಾರಿ ಸಿಪ್ಪೆಗೋಸ್ಕರ ಚಿಕ್ಕಮ್ಮನ ಜೊತೆ ಪೈಪೋಟಿಗಿಳಿಯುವ ಧೈರ್ಯ ಯಾವ ಹಸುವಿಗಿದೆ ಹೇಳಿ?

ಚಿಕ್ಕಮ್ಮ ಹುಟ್ಟಿದ್ದು ನಮ್ಮ ಸೊರಬದಲ್ಲಿ, ಸೇರಿದ್ದು ಶಿಕಾರಿಪುರಕ್ಕೆ. ಚಿಕ್ಕಪ್ಪ ಮಾರುಕಟ್ಟೆ ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಗುಮಾಸ್ತರು. ಸಂಬಳ ವಾರದ ಲೆಕ್ಕ. ಹಾಗಾಗಿ ಚಿಕ್ಕಮ್ಮನ ಅಡುಗೆಯೂ ವಾರದ ಲೆಕ್ಕ. ಸಂತೆಯ ದಿನ ಒಂದೇ ಒಂದು ಚೀಲ ಹಿಡಿದು ಹೊರಡುತ್ತಿದ್ದಳು. ಅದರಲ್ಲಿ ಹಿಡಿಸಿದ್ದು ಆ ವಾರದ ಊಟ, ಹಿಡಿಸದ್ದು ಬೇರೆಯವರ ಊಟ. ಹೊರಡುತ್ತಿದ್ದದ್ದಾದರೂ ಯಾವಾಗ? ಊರವರೆಲ್ಲ ಸಂತೆ ಮುಗಿಸಿ ಮನೆಗೆ ವಾಪಸಾಗುವ ಹೊತ್ತಿಗೆ!

"ಏನ್ರೀ ಅಕ್ಕಾರೆ, ನಾವು ಗೋಣಿ ಮಡಚೋ ಹೊತ್ತಿಗೇ ಬರ್ತೀರಲ್ಲ ಯಾವಾಗ್ಲೂ?" ಎಂದು ತರಕಾರಿಯವಳು ರೇಗಿದರೆ ಚಿಕ್ಕಮ್ಮ ತಣ್ಣಗೆ ಹೇಳುತ್ತಿದ್ದಳು: "ಬೆಳಿಗ್ಗೆ ಬಂದ್ರೆ ರೇಟು ನೀನು ಹೇಳ್ತೀಯ. ಈಗ ಬಂದ್ರೆ ನಾನು ಹೇಳ್ತೀನಿ."

ಹಾಗೆ ಬಂದ ಬಾಡಿದ ಬದನೆ, ಬಳಲಿದ ಸೊಪ್ಪು, ಮೈಯೆಲ್ಲ ಗಾಯವಾದ ಟೊಮ್ಯಾಟೊ ಅವಳ ಕೈಗೆ ಸಿಕ್ಕ ಮೇಲೆ ಏನಾಗುತ್ತಿತ್ತು ಎನ್ನುವುದನ್ನು ಉಂಡೇ ನೋಡಬೇಕು. ಒಂದು ಹೀರೇಕಾಯಿ ಬಂತೆನ್ನಿ. ಮೊದಲ ದಿನ ಅದರ ಸಿಪ್ಪೆ, ಹುಣಸೆಹಣ್ಣು, ಒಣಮೆಣಸು ಸೇರಿ ಚಟ್ನಿ. ಮಾರನೆಯ ದಿನ ತಿರುಳು ಪಲ್ಯ. ಒಳಗಿನ ಬೀಜವನ್ನು ರುಬ್ಬಿ ದೋಸೆಹಿಟ್ಟಿಗೆ ಸೇರಿಸಿದ್ದಾಳೆಂದು ನಮಗೆ ಗೊತ್ತಾಗುತ್ತಿದ್ದದ್ದು ದೋಸೆ ಹೊಟ್ಟೆ ಸೇರಿದ ಮೇಲೆ. ಕೊತ್ತಂಬರಿಯ ಬೇರು ಸಾರಿಗೆ, ಬಾಳೆಕಾಯಿಯ ಸಿಪ್ಪೆ ಪಲ್ಯಕ್ಕೆ, ಹಿತ್ತಿಲ ಬೇಲಿಯ ಒಂದೆಲಗ ತಂಬುಳಿಗೆ. ಅರ್ಧ ಕೊಳೆತ ಸೌತೆಕಾಯಿಯನ್ನು ಫ್ರಿಜ್ಜಿನ ಮೂಲೆಯಿಂದ ಹೊರಗೆಸೆಯುವಾಗಲೆಲ್ಲ ನನಗೆ ಈಗಲೂ ಹಿಂದಿನಿಂದ ಚಿಕ್ಕಮ್ಮ ನೋಡುತ್ತಿದ್ದಾಳೇನೋ ಎನ್ನಿಸಿ ಕತ್ತು ತಿರುಗಿಸುತ್ತೇನೆ.

ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯವರು ಕಲ್ಲಂಗಡಿ ತಿಂದು ಸಿಪ್ಪೆ ಎಸೆಯಲು ಹೊರಟಿದ್ದರು. ಚಿಕ್ಕಮ್ಮ ಓಡಿಹೋಗಿ, "ಎಸೀಬ್ಯಾಡ್ರಿ, ಹಸುವಿಗೆ ಹಾಕ್ತೀನಿ" ಎಂದು ಇಸಿದುಕೊಂಡಳು. ಮರುದಿನ ಬೆಳಿಗ್ಗೆ ಅದೇ ಮನೆಗೆ ತಟ್ಟೆ ತುಂಬ ಮೆತ್ತನೆಯ ದೋಸೆ ಹೋಯಿತು. ಅವರು ಚಪ್ಪರಿಸಿಕೊಂಡು ತಿಂದು, ಯಾವುದರ ದೋಸೆ ಎಂದು ಕೇಳಲು ಬಂದರು. ಕೇಳಿದ ಮೇಲೆ ಮುಖ ಸಣ್ಣಗಾಯಿತು.

"ಅಲ್ರೀ, ಹಸುವಿಗೆ ಅಂತ ಒಯ್ದಿದ್ರಲ್ಲ?"

"ಹೌದ್ರೀ. ಹಸು ಬರ್ಲಿಲ್ಲ, ನೀವು ಬಂದ್ರಿ."

ನಾನು ಕಾಲೇಜಿಗೆಂದು ಅವಳ ಮನೆಗೆ ಬಂದು ಉಳಿದ ಮೊದಲ ದಿನ ಹುರುಳಿಕಟ್ಟಿನ ಸಾರು ಮಾಡಿದ್ದಳು. ಬೆಳ್ಳುಳ್ಳಿ ಒಗ್ಗರಣೆಯ ಘಮ ಬೀದಿಗೆ ಬರುತ್ತಿತ್ತು. ಒಂದು ತುತ್ತು ಬಾಯಿಗಿಟ್ಟವಳೇ, "ಅಬ್ಬಾ ಚಿಕ್ಕಮ್ಮ, ಎಷ್ಟು ಚೆನ್ನಾಗಿದೆ!" ಎಂದೆ. ಪಕ್ಕದಲ್ಲಿ ಉಣ್ಣುತ್ತಿದ್ದ ಚಿಕ್ಕಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ನಾನು ಏನು ಮಹಾಪರಾಧ ಮಾಡಿದೆನೋ ತಿಳಿಯಲಿಲ್ಲ.

"ನೋಡು, ಈ ಮನೇಲಿ ಅಡುಗೆ ಹೊಗಳೋ ಹಾಗಿಲ್ಲ" ಎಂದಳು ಚಿಕ್ಕಮ್ಮ, ಸೌಟು ಎತ್ತಿ ಹಿಡಿದು.

"ಯಾಕೆ ಚಿಕ್ಕಮ್ಮ?"

"ಒಬ್ಬರು ಚೆನ್ನಾಗಿದೆ ಅಂದ್ರೆ ಇನ್ನೊಬ್ಬರು ಹೌದು ಅಂತಾರೆ. ಆಮೇಲೆ ಎಲ್ರೂ ಇನ್ನೊಂದು ಚೂರು ಅಂತಾರೆ. ನನಗೂ ಉಬ್ಬಿ ಕೈ ಸಡಿಲ ಆಗ್ತದೆ. ವಾರ ಮುಗಿಯೋ ಮೊದ್ಲೇ ಚೀಲ ಖಾಲಿ."

"ಮತ್ತೆ ಏನಂತ ಹೇಳೋದು?"

"ಸಾಕು ಅನ್ನು. ಊಟಕ್ಕೆ ಕೂತವರಿಗೆ ಅದಕ್ಕಿಂತ ಒಳ್ಳೆ ಮಾತಿಲ್ಲ."

ಇಂಥ ಕಾನೂನನ್ನು ಎಲ್ಲಾದರೂ ಕೇಳಿದ್ದೀರಾ? ಲೋಕದ ಹೆಂಗಸರೆಲ್ಲ ಗಂಡ ಒಂದು ಒಳ್ಳೆಯ ಮಾತಾಡಲಿಲ್ಲವೆಂದು ಮುನಿಸಿಕೊಂಡರೆ, ಇವಳು ಆಡಿಬಿಡುತ್ತಾನೇನೋ ಎಂದು ಕಾವಲು ಕಾಯುತ್ತಿದ್ದಳು! ಯಾರ್ಡಿನಲ್ಲಿ ಲಾರಿಯ ಸದ್ದನ್ನೂ ಮೀರಿಸಿ ತೂಕ ಕೂಗುತ್ತಿದ್ದ ಚಿಕ್ಕಪ್ಪ ಮನೆಯಲ್ಲಿ ತಟ್ಟೆ ಮುಂದೆ ಕೂತರೆ ಮೂಗ. ತಟ್ಟೆಯನ್ನು ಬೆರಳಿನಿಂದ ಬಳಿದು ಬಳಿದು ತೊಳೆದಂತೆ ಮಾಡಿ, "ಸಾಕು" ಎಂದು ಎದ್ದುಬಿಡುತ್ತಿದ್ದರು. ನಾನೂ ಕಲಿತೆ.

ಆದರೆ ಒಮ್ಮೆ ಸೊರಬದ ನಮ್ಮ ನೆಂಟರ ಮದುವೆಯಲ್ಲಿ ಚಿಕ್ಕಪ್ಪ ಹಳಿ ತಪ್ಪಿದರು. ಪಂಕ್ತಿಯಲ್ಲಿ ಕೂತು, "ಆಹಾಹಾ, ಏನ್ ಹುಳಿ ಮಾಡೀರ್ರೀ! ಕೈಗೆ ಬಂಗಾರದ ಬಳಿ ತೊಡಿಸಬೇಕು ನೋಡ್ರಿ!" ಎಂದು ಅಡುಗೆಯವರನ್ನು ಕೂಗಿ ಕೂಗಿ ಹೊಗಳಿದರು. ಎದುರು ಪಂಕ್ತಿಯಲ್ಲಿ ಚಿಕ್ಕಮ್ಮ ಕೂತಿದ್ದಳು. ಅವಳ ಊಟ ಅರ್ಧಕ್ಕೇ ನಿಂತಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಹಿಂದಿನ ಸೀಟಿನಲ್ಲಿ ನಾನಿದ್ದೆ.

"ಯಾಕೆ, ಏನಾತು?" ಎಂದರು ಚಿಕ್ಕಪ್ಪ.

"ಏನಿಲ್ಲ. ಆ ಹುಳೀಲಿ ಬೇಳೇನೇ ಇರ್ಲಿಲ್ಲ."

"ನನಗೂ ಗೊತ್ತು."

"ಗೊತ್ತಿದ್ದೂ ಹೊಗಳಿದ್ರಾ?"

"ಏನ್ ಮಾಡ್ಲಿ? ಮನಿಯಾಗ ನಿನಗ ಹೇಳಬಾರದು ಅಂದಿ. ಬಾಯಾಗ ತುಂಬಿಕೊಂಡು ಕುಂತಿದ್ದು ಅಲ್ಲಿ ಚೆಲ್ಲಿಬಂತು."

ಚಿಕ್ಕಮ್ಮನಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಗಳಿಗೆಯಲ್ಲಾದರೂ ಕಾನೂನು ರದ್ದು ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ. ಮರುದಿನದ ಚಿತ್ರಾನ್ನಕ್ಕೂ ಚಿಕ್ಕಪ್ಪ "ಸಾಕು" ಎಂದೇ ಎದ್ದರು.

ವರ್ಷಗಳು ಕಳೆದವು. ಆಗ ಚಿಕ್ಕವಳಿದ್ದ ಅವರ ಮಗಳಿಗೆ ನೌಕರಿಯಾಯಿತು, ಮನೆಗೆ ದುಡ್ಡು ಕೊಡತೊಡಗಿದಳು. ಚಿಕ್ಕಪ್ಪನ ಸಂಬಳವೂ ಏರಿತು. ಸಂತೆಗೆ ಬೆಳಿಗ್ಗೆಯೇ ಹೋಗಬಹುದಿತ್ತು, ಎರಡು ಚೀಲ ಒಯ್ಯಬಹುದಿತ್ತು. ಯಾರು ಎಷ್ಟು ಹೊಗಳಿದರೂ ವಾರ ಉಪವಾಸ ಬೀಳುವ ಭಯವಿರಲಿಲ್ಲ. ಆದರೂ ಚಿಕ್ಕಮ್ಮ ಅದೇ ಹೊತ್ತಿಗೆ ಅದೇ ಒಂದು ಚೀಲ ಹಿಡಿದು ಹೋದಳು. ಕಾನೂನು ತೆಗೆದುಹಾಕಬೇಕೆಂದು ಅವಳಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ. ಬಡತನ ಮನೆ ಬಿಟ್ಟುಹೋಗುವಾಗ ಅದು ಕಲಿಸಿದ ಅಭ್ಯಾಸಗಳನ್ನೂ ಕೈಹಿಡಿದು ಕರೆದುಕೊಂಡು ಹೋಗಬಾರದೇ?

ಕಳೆದ ವರ್ಷ ಚಿಕ್ಕಪ್ಪ ಯಾರ್ಡಿನಲ್ಲಿ ನಿಂತಲ್ಲೇ ಕುಸಿದರು. ಲಕ್ವ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಮತ್ತು ಮಾತು ಹೋದವು. ಮಾತು ಪೂರ್ತಿ ಹೋಯಿತೆನ್ನುವ ಹಾಗೂ ಇಲ್ಲ, ಒಂದು ಮಾತು ಉಳಿದಿತ್ತು. ನೀರು ಬೇಕೇ ಎಂದರೆ "ಸಾಕು". ಫ್ಯಾನ್ ಹಾಕಲೇ ಎಂದರೆ "ಸಾಕು". ಮಗಳನ್ನು ನೋಡಿ ಅತ್ತಾಗಲೂ "ಸಾಕು, ಸಾಕು". ದಿನಾ ಆಡಿ ರೂಢಿಯಾದ ಮಾತು ಕೆಲವರಲ್ಲಿ ಹೀಗೆ ಉಳಿದುಕೊಳ್ಳುತ್ತದೆ ಎಂದರು ಡಾಕ್ಟರು. ಉಳಿದ ಮಾತುಗಳೂ ಬರಬಹುದು, ಬರದಿರಲೂಬಹುದು, ಹೇಳಿಸುತ್ತಿರಿ ಎಂದರು.

ಇದರಲ್ಲೂ ನಗುವುದಕ್ಕೆ ಸಿಕ್ಕಿತು ಎಂದರೆ ತಪ್ಪು ತಿಳಿಯಬೇಡಿ. ಲಕ್ವಕ್ಕೆ ತಮಗೆ ಗೊತ್ತಿರುವ ಎಲ್ಲ ಔಷಧಿಗಳನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ ನೆಂಟರೊಬ್ಬರಿಗೆ ಚಿಕ್ಕಪ್ಪ ನಡುವೆ "ಸಾಕು" ಎಂದರು. ಅವರು ಅವಮಾನವಾಗಿ ಎದ್ದುಹೋದರು. ಅಷ್ಟು ದಿನಗಳಲ್ಲಿ ಚಿಕ್ಕಮ್ಮ ನಕ್ಕಿದ್ದು ಅದೊಂದೇ ಸಲ. ನಗುತ್ತಾ ನಗುತ್ತಾ ನನ್ನ ತೋಳು ಹಿಡಿದುಕೊಂಡು ಅತ್ತಳು.

"ನಾನು ಕಲಿಸಿದ್ದೇ ಉಳ್ಕೊಂತು ನೋಡೇ. ಇಷ್ಟು ವರ್ಷ ದಿನಾ ಎದುರು ಕೂತು ಉಂಡ್ರು. ಎಷ್ಟು ಮಾತಾಡಬಹುದಿತ್ತು ಅವರು! ಒಂದು ಸಲ ಅವರ ಬಾಯಲ್ಲಿ ಚೆನ್ನಾಗಿದೆ ಅಂತ ಕೇಳಬೇಕು ಕಣೇ. ಒಂದೇ ಸಲ ಸಾಕು."

ಹೋದ ಭಾನುವಾರ ಸೊರಬದಿಂದ ಬಸ್ಸು ಹತ್ತಿ ಅವರನ್ನು ನೋಡಲು ಹೋಗಿದ್ದೆ. ಅಡುಗೆಮನೆಗೆ ಕಾಲಿಟ್ಟವಳು ಬೆರಗಾದೆ. ಒಲೆಯ ಮೇಲೆ ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಸುವ ದೊಡ್ಡ ಪಾತ್ರೆ, ಅದರ ತುಂಬ ಬಸಳೆಸೊಪ್ಪಿನ ಹುಳಿ! ಒಂದು ಸೌಟು ಹೆಚ್ಚಿಗೆ ಮಾಡಿ ಗೊತ್ತಿಲ್ಲದ ಚಿಕ್ಕಮ್ಮನೇ ಇವಳು?

"ಯಾರು ಬರ್ತಿದಾರೆ ಚಿಕ್ಕಮ್ಮ?"

"ಯಾರೂ ಇಲ್ಲ. ಅಕಸ್ಮಾತ್ ಇನ್ನೊಂದು ಚೂರು ಅಂತ ಕೇಳಿದ್ರೆ ಇರ್ಲಿ ಅಂತ."

ದಿನಾ ಹೀಗೇ ಮಾಡುತ್ತಾಳಂತೆ. ಉಳಿದದ್ದು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತದಂತೆ.

ಚಿಕ್ಕಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಸ್ಟೂಲಿಟ್ಟು, ಅನ್ನ ಹುಳಿ ಬಡಿಸಿದಳು. ಎಡಗೈಯಲ್ಲಿ ಅವರು ನಿಧಾನವಾಗಿ ಉಂಡು ಮುಗಿಸುವವರೆಗೂ ನಿಂತೇ ಇದ್ದಳು. ಆಮೇಲೆ ಅವರ ಎದುರು ಬಗ್ಗಿದಳು.

"ಹೆಂಗಾಗಿದೆ ರೀ?"

"ಸಾಕು."

"ಅದಲ್ಲ ರೀ. ಚೆ... ಅನ್ನಿ. ಚೆ."

ಚಿಕ್ಕಪ್ಪನ ತುಟಿ ತೆರೆಯಿತು. ಹಣೆಯಲ್ಲಿ ಬೆವರು ಬಂತು. ಅವಳಿಗೆ ಬೇಕಾದದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿದೆ ಎಂದು ಅವರ ಕಣ್ಣೇ ಹೇಳುತ್ತಿತ್ತು. "ಸಾ..." ಎಂದರು. ತಲೆ ಕೊಡವಿಕೊಂಡರು. ಮತ್ತೆ ಪ್ರಯತ್ನಿಸಿದರು. "ಸಾಕು."

"ಆಯ್ತು ಬಿಡಿ ರೀ, ಕಷ್ಟ ಪಡಬೇಡಿ. ಹೇಳಬೇಡಿ ಅಂತ ನಾನೇ ಹೇಳಿದ್ದಲ್ಲ" ಎಂದು ಚಿಕ್ಕಮ್ಮ ಸೆರಗಿನಿಂದ ಅವರ ಹಣೆ ಒರೆಸಿ, ತಟ್ಟೆ ಎತ್ತಲು ಹೋದಳು. ಚಿಕ್ಕಪ್ಪ ತಟ್ಟೆಯ ಅಂಚು ಬಿಡಲಿಲ್ಲ. ಉಂಡಾಗಿಲ್ಲವೇನೋ ಎಂದು ಅವಳು ಬಗ್ಗಿ ನೋಡಿದಳು. ಒಂದು ಅಗುಳೂ ಇರಲಿಲ್ಲ.

ಚಿಕ್ಕಪ್ಪ ಎಡಗೈಯಿಂದ ಖಾಲಿ ತಟ್ಟೆಯನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿದರು. "ಸಾಕು" ಎಂದರು. ಮತ್ತೆ ಇನ್ನಷ್ಟು ತಳ್ಳಿದರು.

ಚಿಕ್ಕಮ್ಮ ನನ್ನ ಮುಖ ನೋಡಿದಳು. "ಬಡಿಸು ಚಿಕ್ಕಮ್ಮ, ಕೇಳ್ತಿದಾರೆ" ಎಂದೆ.

ಒಂದು ಸೌಟು ಹಾಕಿದಳು. ಅರ್ಧ ಸ್ಟೂಲಿನ ಮೇಲೆ ಚೆಲ್ಲಿತು. ಇನ್ನೊಂದು ಹಾಕಿದಳು, ಮತ್ತೊಂದು ಹಾಕಿದಳು. ಚಿಕ್ಕಪ್ಪ "ಸಾಕು, ಸಾಕು" ಎನ್ನುತ್ತಲೇ ಇದ್ದರು. ಹುಳಿ ತಟ್ಟೆಯ ಅಂಚಿಗೆ ಬಂದರೂ ಅವರು ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅವಳು ಸೌಟು ಕೆಳಗಿಡಲಿಲ್ಲ.