ಅತ್ತೆಯ ಕಾಗದದ ಪಟ್ಟಿ

ನನ್ನ ಸೋದರತ್ತೆಯಷ್ಟು ಸಲ ಜೈಲಿಗೆ ಹೋಗಿ ಬಂದವರು ಸಾಗರ ಪೇಟೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ! ಗಾಬರಿಯಾಗಬೇಡಿ, ಆಕೆ ಇರುವೆಯನ್ನೂ ನೋಯಿಸಿದವಳಲ್ಲ. ನೋಯಿಸಿದ್ದೇನಿದ್ದರೂ ತನ್ನ ದೊಡ್ಡ ಗಂಟಲಿನಿಂದ ನಮ್ಮ ಕಿವಿಗಳನ್ನು. ಬಟ್ಟೆ ಹೊಲಿದೇ ಬದುಕಿದವಳು, ಅಪ್ಪನೋ ಅಮ್ಮನೋ ಜೈಲಿನಲ್ಲಿರುವ ಮಕ್ಕಳನ್ನು ವಿಚಾರಿಸಿಕೊಳ್ಳುವ ಕೆಲಸವನ್ನು ನಮ್ಮ ಚರ್ಚಿನ ಪರವಾಗಿ ಮೈಮೇಲೆ ಎಳೆದುಕೊಂಡಳು. ಹೊಸನಗರವಿರಲಿ, ತೀರ್ಥಹಳ್ಳಿಯಿರಲಿ, ಬಸ್ಸು ಹತ್ತಿ ಹೋಗಿ ಯೂನಿಫಾರ್ಮ್ ಹೊಲಿದುಕೊಡುತ್ತಾಳೆ, ಮಗ್ಗಿ ಕೇಳುತ್ತಾಳೆ, ಪ್ರಾರ್ಥನೆ ಮಾಡುತ್ತಾಳೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೂ ಬೆರಳು ಮಗುವಿನ ಅಂಗಿಯಲ್ಲಿ ಕಿತ್ತ ಹೊಲಿಗೆ ಹುಡುಕುತ್ತಿರುತ್ತದೆ.

ಇದರಲ್ಲೇನು ವಿಚಿತ್ರ ಅಂತೀರಾ? ಪ್ರತಿ ಮಗುವನ್ನೂ ಗೋಡೆಗೊರಗಿಸಿ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗಿನ ಉದ್ದಕ್ಕೆ ಹಳೇ ಪೇಪರಿನ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಸುರುಳಿ ಸುತ್ತಿ ಜೈಲಿಗೆ ಒಯ್ಯುತ್ತಾಳೆ!

"ಫೋಟೋ ತಗೊಂಡು ಹೋಗಬಾರ್ದಾ ಅತ್ತೆ?"

"ಫೋಟೋದಲ್ಲಿ ಎಲ್ಲ ಮಕ್ಳೂ ಬೆರಳುದ್ದನೇ ಇರ್ತಾವೆ ಮಾರಾಯ! ಮಗಳು ತನ್ನ ಸೊಂಟಕ್ಕೆ ಬಂದ್ಲಾ, ಎದೆಗೆ ಬಂದ್ಲಾ ಅಂತ ಅಪ್ಪಂಗೆ ಗೊತ್ತಾಗೋದು ಬ್ಯಾಡ್ವಾ?"

ಮೊದಲು ಲಂಗದ ಲಾಡಿಯನ್ನೇ ಅಳತೆಗೆ ಕತ್ತರಿಸಿ ಒಯ್ದಿದ್ದಳು. ಬಾಗಿಲ ಕಾವಲಿನವನು ತಡೆದ. "ಅಮ್ಮಾ, ಹಗ್ಗಗಿಗ್ಗ ಒಳಗೆ ಬಿಡಲ್ಲ."

"ಹಗ್ಗ ಅಲ್ಲಪ್ಪ, ಇದು ಒಂದನೇ ಕ್ಲಾಸಿನ ಹುಡುಗಿ!" ಎಂದಳಂತೆ. ಅಂದಿನಿಂದ ಕಾಗದ.

ಒಮ್ಮೆ ಎಡವಟ್ಟೂ ಆಯಿತು. ಹೊಸನಗರದ ಹುಡುಗಿಯೊಬ್ಬಳ ಪಟ್ಟಿಯೆಂದು ತೀರ್ಥಹಳ್ಳಿಯ ಅಂಗನವಾಡಿ ಮಗುವಿನದನ್ನು ಕೊಟ್ಟು ಬಂದಳು. ಮೂರು ತಿಂಗಳಲ್ಲಿ ಮಗಳು ಎರಡು ಗೇಣು ಕುಗ್ಗಿದ್ದು ಕಂಡು ಅಪ್ಪ ಊಟ ಬಿಟ್ಟ! ಸರಿಯಾದ ಪಟ್ಟಿ ಹಿಡಿದು ಓಡಿದ ಅತ್ತೆ, ದಾರಿಯುದ್ದಕ್ಕೂ ದೇವರಲ್ಲಿ ಕ್ಷಮೆ ಬೇಡಿದ್ದು ಇಡೀ ಬಸ್ಸಿಗೆ ಕೇಳಿಸಿತಂತೆ.

ಆ ಹೊಸನಗರದ ಹುಡುಗಿ ಮೂರು ವರ್ಷದವಳಿದ್ದಾಗ ಅಪ್ಪ ಒಳಗೆ ಹೋದವನು. "ಆ ಬಾಗ್ಲು ನನ್ನ ಮೊಮ್ಮಗಳು ನೋಡೋದು ಬ್ಯಾಡ" ಎಂದು ಅಜ್ಜಿ ಒಮ್ಮೆಯೂ ಕರೆದೊಯ್ಯಲಿಲ್ಲ. ಆರು ವರ್ಷ ಅವನು ಕಂಡದ್ದು ಬರೀ ಪಟ್ಟಿಗಳನ್ನು. ಈ ವರ್ಷ ಶಿಕ್ಷೆ ಮುಗಿಯಿತು. ಹುಡುಗಿಗೆ ಒಂದೇ ಭಯ.

"ಅಪ್ಪಂಗೆ ನನ್ನ ಗುರ್ತು ಸಿಗ್ದಿದ್ರೆ? ನೀವು ತೋರಿಸ್ಬಾರ್ದು ಆಂಟಿ, ಅವ್ರೇ ಗುರ್ತು ಹಿಡೀಬೇಕು."

ಹಾಗಾಗಿ ಅವನು ಬರುವ ದಿನ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ನಾನೂ ಅತ್ತೆಯೂ ಕಬ್ಬಿನಹಾಲಿನ ಗಾಡಿಯ ಹಿಂದೆ ಕಳ್ಳರಂತೆ ಅಡಗಿ ಕುಳಿತೆವು. ಗ್ರಹಚಾರಕ್ಕೆ ಶಾಲೆ ಬಿಟ್ಟ ಹೊತ್ತು! ಎಲ್ಲೆಲ್ಲೂ ನಮ್ಮ ಹುಡುಗಿ ತೊಟ್ಟಂಥದೇ ನೀಲಿ ಲಂಗದ ಹುಡುಗಿಯರು, ಅವರ ನಡುವೆ ಅವಳು. ಅವನು ಬಸ್ಸಿಳಿದ, ಮುಖದಿಂದ ಮುಖಕ್ಕೆ ನೋಡಿದ, ನಮ್ಮ ಹುಡುಗಿಯನ್ನು ದಾಟಿ ಮುಂದಕ್ಕೂ ನೋಡಿದ. ಅವಳ ಕಣ್ಣು ತುಂಬಿತು. ಅತ್ತೆ ನನ್ನ ತೋಳು ಹಿಂಡಿದಳು. ಇಷ್ಟು ದಿನ ಆ ಪಟ್ಟಿಗಳಿಗೆ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅವನು ಚೀಲ ಕೆಳಗಿಟ್ಟ. ಅಂಗಿಯ ಎರಡನೇ ಗುಂಡಿಯ ನೇರಕ್ಕೆ ಅಂಗೈ ಚಾಚಿ, ಗಾಳಿಯಲ್ಲಿ ಯಾರದೋ ನೆತ್ತಿ ಸವರುವವನಂತೆ ನಿಂತ.

ಹುಡುಗಿ ನಡೆದು ಹೋಗಿ ಆ ಅಂಗೈಯ ಕೆಳಗೆ ನಿಂತಳು.

ನಮಗೆ ಹೋದ ಜೀವ ಬಂತು. "ಸರಿಯಾಗಿತ್ತು ನೋಡು, ಅಳತೆ" ಎಂದಳು ಅತ್ತೆ. ದೇವರಾಣೆ, ಆಕೆ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.